ದೂರದ ಪ್ರಶಸ್ತಿ, ಊರಿನ ಸಾಕ್ಷಿ

ನಿರ್ಭೀತ ಪತ್ರಕರ್ತರೊಬ್ಬರಿಗೆ ಅಂತಾರಾಷ್ಟ್ರೀಯ ಪ್ರಶಸ್ತಿ ಬಂದಾಗ ನಮ್ಮ ಸಮುದಾಯ ಸಂಭ್ರಮಿಸುವುದು ಸಹಜ. 2019ರಲ್ಲಿ ಎನ್‌ಡಿಟಿವಿ ಇಂಡಿಯಾದ ರವೀಶ್ ಕುಮಾರ್ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಘೋಷಣೆಯಾದಾಗ ನಾವು ಸಂತೋಷಪಟ್ಟೆವು. ದನಿಯಿಲ್ಲದವರಿಗೆ ದನಿಯಾದುದಕ್ಕಾಗಿ ಆ ಗೌರವ ಸಂದಿತ್ತು. ಅದಕ್ಕೂ ಎರಡು ವರ್ಷ ಮೊದಲು, 2017ರ ಅಕ್ಟೋಬರ್‌ನಲ್ಲಿ, ಹತ್ಯೆಯಾಗಿ ತಿಂಗಳಷ್ಟೇ ಕಳೆದಿದ್ದ ಗೌರಿ ಲಂಕೇಶ್ ಅವರಿಗೆ ಲಂಡನ್ ಮೂಲದ ಸಂಸ್ಥೆಯೊಂದು ಅನ್ನಾ ಪೊಲಿಟ್ಕೊವ್‌ಸ್ಕಾಯಾ ಪ್ರಶಸ್ತಿಯನ್ನು ಘೋಷಿಸಿದಾಗ ನಮ್ಮ ಕಣ್ಣುಗಳು ತೇವಗೊಂಡವು. ನಮ್ಮ ನೋವನ್ನು ಜಗತ್ತು ಗುರುತಿಸಿತು ಎಂಬ ಸಮಾಧಾನ ಆ ಸಂತೋಷದಲ್ಲಿಯೂ ಆ ಕಣ್ಣೀರಿನಲ್ಲಿಯೂ ಇತ್ತು. ಆದರೆ ಇಲ್ಲೊಂದು ಪ್ರಶ್ನೆಯಿದೆ. ಆ ಸಮಾಧಾನದ ನಂತರ ನಾವೇನು ಮಾಡಿದೆವು? ಸತ್ಯ ಹೇಳಿದವರನ್ನು ಕೊಂಡಾಡಿದ ನಾವು, ಸತ್ಯ ಹೇಳಬೇಕಾದ ಸರದಿ ನಮ್ಮದಾದಾಗ ಎಲ್ಲಿದ್ದೆವು?

ಈ ಪ್ರಶ್ನೆಗೆ ಉತ್ತರ ಹುಡುಕಲು ಮನಿಲಾಕ್ಕಾಗಲಿ ಲಂಡನ್‌ಗಾಗಲಿ ಹೋಗಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿಯೇ, ಬಂಟ್ವಾಳದಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಪಡೀಲಿನಲ್ಲಿಯೇ, ಅದಕ್ಕೆ ಬೇಕಾದ ಪಾಠವಿದೆ.

2012ರ ಜುಲೈ 28ರ ಸಂಜೆ. ಪಡೀಲಿನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಹಿಂದೂ ಜಾಗರಣಾ ವೇದಿಕೆಯವರೆನ್ನಲಾದ ಗುಂಪೊಂದು ಎರಗಿತು. ಹೆಣ್ಣುಮಕ್ಕಳನ್ನು ಎಳೆದಾಡಿ ಹೊಡೆಯಲಾಯಿತು. ಸುದ್ದಿ ತಿಳಿದು ಅಲ್ಲಿಗೆ ತಲುಪಿದ ಕಸ್ತೂರಿ ವಾಹಿನಿಯ ವರದಿಗಾರ ನವೀನ್ ಸೂರಿಂಜೆ ಮತ್ತು ಛಾಯಾಗ್ರಾಹಕರು ಆ ದೃಶ್ಯಗಳನ್ನು ಸೆರೆ ಹಿಡಿದರು. ಅದೇ ರಾತ್ರಿ ನಾಡು ಅದನ್ನು ಕಂಡಿತು, ಮರುದಿನ ದೇಶ ಕಂಡಿತು. ದಾಳಿ ಮಾಡಿದವರ ಮುಖಗಳು ಆ ದೃಶ್ಯಗಳಿಂದಾಗಿಯೇ ಬಯಲಾದವು. ಕ್ಯಾಮರಾ ಇಲ್ಲದಿರುತ್ತಿದ್ದರೆ ಅದು ನಮ್ಮ ಜಿಲ್ಲೆಯಲ್ಲಿ ನಡೆದು ಮುಚ್ಚಿಹೋದ ನೂರಾರು ನೈತಿಕ ಪೊಲೀಸ್‌ಗಿರಿಗಳಲ್ಲಿ ಇನ್ನೊಂದಾಗಿ ಬಿಡುತ್ತಿತ್ತು.

ಆಮೇಲೆ ನಡೆದದ್ದು ವಿಚಿತ್ರ. ದಾಳಿಕೋರರನ್ನು ತೋರಿಸಿದವನನ್ನೇ ಪೊಲೀಸರು ಆರೋಪಿಗಳ ಪಟ್ಟಿಗೆ ಸೇರಿಸಿದರು. ಪೊಲೀಸ್ ಅಧಿಕಾರಿಗೆ ಕರೆ ಮಾಡಲು ಯತ್ನಿಸಿದ್ದೆ, ಕರೆಯನ್ನು ಸ್ವೀಕರಿಸಲಿಲ್ಲ ಎಂದು ಸೂರಿಂಜೆ ಹೇಳಿದರೂ ಪ್ರಯೋಜನವಾಗಲಿಲ್ಲ. 2012ರ ನವೆಂಬರ್ 7ರಂದು ಅವರನ್ನು ಬಂಧಿಸಲಾಯಿತು. ಡಿಸೆಂಬರ್ ಕೊನೆಯಲ್ಲಿ ಹೈಕೋರ್ಟ್ ಜಾಮೀನು ನಿರಾಕರಿಸಿತು. ಪತ್ರಕರ್ತರು ಬೀದಿಗಿಳಿದರು, ಬೆಂಗಳೂರಿನಲ್ಲಿ ಉಪವಾಸ ಕುಳಿತರು. 2013ರ ಜನವರಿಯ ಕೊನೆಗೆ ಜಗದೀಶ್ ಶೆಟ್ಟರ್ ಸಂಪುಟ ಮೊಕದ್ದಮೆ ಹಿಂಪಡೆಯುವ ತೀರ್ಮಾನ ಕೈಗೊಂಡಿತು. ಆದರೆ ತೀರ್ಮಾನ ಕಡತದಲ್ಲಿಯೇ ಉಳಿಯಿತು, ವರದಿಗಾರ ಜೈಲಿನಲ್ಲಿಯೇ ಉಳಿದರು. ಕೊನೆಗೆ ಮಾರ್ಚ್‌ನಲ್ಲಿ ಹೈಕೋರ್ಟ್ ಜಾಮೀನು ನೀಡಿದಾಗ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕಳೆದಿತ್ತು.

ಆ ದಿನಗಳಲ್ಲಿಯೇ ನಮ್ಮ ಜಿಲ್ಲೆಯ ಈ ವರದಿಗಾರನ ಹೆಸರು ಗಡಿ ದಾಟಿತು. ಲೋಕದ ಯಾವ ಮೂಲೆಯಲ್ಲಿ ಪತ್ರಕರ್ತನೊಬ್ಬ ಜೈಲು ಸೇರಿದರೂ ಅದರ ಲೆಕ್ಕವಿಡುವ ಸಂಸ್ಥೆಯೊಂದು ನ್ಯೂಯಾರ್ಕ್‌ನಲ್ಲಿದೆ. 1981ರಲ್ಲಿ ಆರಂಭವಾದ ಪತ್ರಕರ್ತರ ರಕ್ಷಣಾ ಸಮಿತಿ. ಅದು ಸೂರಿಂಜೆಯವರ ಪ್ರಕರಣವನ್ನು ಎತ್ತಿಕೊಂಡಿತು, ಅವರ ಬಿಡುಗಡೆಗೆ ಆಗ್ರಹಿಸಿತು. ಇದಕ್ಕೆ ಶಾಲು, ಹಾರ, ನಗದು ಬಹುಮಾನ ಏನೂ ಇರಲಿಲ್ಲ. ಆದರೂ ಇದು ಮನ್ನಣೆಯೇ. ನೀನು ಮಾಡಿದ್ದು ಅಪರಾಧವಲ್ಲ, ಅದು ನಿನ್ನ ಕೆಲಸ ಎಂದು ದೂರದ ಅಪರಿಚಿತರು ಹೇಳಿದ ಮಾತು ಜೈಲಿನ ಗೋಡೆಯೊಳಗೆ ಇರುವವನಿಗೆ ಯಾವ ಫಲಕಕ್ಕಿಂತಲೂ ಕಡಿಮೆಯದ್ದಲ್ಲ.

ಇನ್ನು ಈ ಕಥೆಯ ಅಂತ್ಯವನ್ನು ಗಮನಿಸಿ. ಸೂರಿಂಜೆಯವರ ಮೇಲಿನ ಮೊಕದ್ದಮೆಯನ್ನು 2013ರಲ್ಲಿ ಬಂದ ಹೊಸ ಸರಕಾರ ಹಿಂಪಡೆಯಿತು. ಆದರೆ ದಾಳಿಯ ಮೂಲ ಪ್ರಕರಣ ಏನಾಯಿತು? ಹನ್ನೆರಡು ವರ್ಷಗಳ ನಂತರ, 2024ರ ಆಗಸ್ಟ್‌ನಲ್ಲಿ, ಮಂಗಳೂರಿನ ನ್ಯಾಯಾಲಯ ಸಾಕ್ಷ್ಯಾಧಾರಗಳ ಕೊರತೆಯ ಕಾರಣ ಆರೋಪಿಗಳನ್ನು ಖುಲಾಸೆಗೊಳಿಸಿತು. ಇದು ಒಂಟಿ ಘಟನೆಯೂ ಅಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನ ಮೇಲೆ ಶ್ರೀರಾಮ ಸೇನೆಯ ಹೆಸರಿನಲ್ಲಿ ನಡೆದ ದಾಳಿಯ ದೃಶ್ಯಗಳನ್ನು ಲೋಕವೇ ಕಂಡಿತ್ತು. ಆ ಪ್ರಕರಣದಲ್ಲಿಯೂ 2018ರ ಮಾರ್ಚ್‌ನಲ್ಲಿ ಪ್ರಮೋದ್ ಮುತಾಲಿಕ್ ಸಹಿತ ಆರೋಪಿಗಳು ಖುಲಾಸೆಗೊಂಡರು. ಲೋಕವೆಲ್ಲ ನೋಡಿದ ಎರಡು ಘಟನೆಗಳು. ನ್ಯಾಯಾಲಯದಲ್ಲಿ ಸಾಬೀತಾಗದ ಎರಡು ಘಟನೆಗಳು!

ಯಾಕೆ ಹೀಗಾಯಿತು? ನ್ಯಾಯಾಲಯವನ್ನು ದೂರಿ ಮುಗಿಸುವುದು ಸುಲಭ. ಆದರೆ ನ್ಯಾಯಾಧೀಶರು ಟಿ.ವಿ. ನೋಡಿ ತೀರ್ಪು ಬರೆಯುವುದಿಲ್ಲ, ಬರೆಯಲೂ ಬಾರದು. ಅವರ ಮುಂದೆ ದೃಶ್ಯ ಬರಬೇಕು, ಆ ದೃಶ್ಯ ತಿದ್ದುಪಡಿಯಾಗಿಲ್ಲ ಎಂಬ ಖಾತರಿ ಬರಬೇಕು, ಮುಖ್ಯವಾಗಿ ಕಂಡವರು ಬಂದು ಕಂಡದ್ದನ್ನು ಹೇಳಬೇಕು. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪಬೇಕಾದರೆ ಅದರ ಜೊತೆ ಕಾನೂನು ಹೇಳುವ ಪ್ರಮಾಣಪತ್ರವೂ ಇರಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆ ತೀರ್ಪು ಬಂದದ್ದು ಕೇರಳದ ಪಿ.ವಿ. ಅನ್ವರ್ ಮತ್ತು ಪಿ.ಕೆ. ಬಶೀರ್ ನಡುವಣ ಚುನಾವಣಾ ತಕರಾರಿನಲ್ಲಿ. 2020ರಲ್ಲಿ ಮತ್ತೊಂದು ಪ್ರಕರಣದಲ್ಲಿ ನ್ಯಾಯಾಲಯ ಅದನ್ನು ಪುನಃ ಎತ್ತಿ ಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿಯೂ ಈ ಪ್ರಮಾಣಪತ್ರದ ಶರತ್ತಿದೆ. ಅಂದರೆ ನಮ್ಮ ವಾಟ್ಸಾಪ್‌ಗೆ ಹತ್ತು ಕೈ ದಾಟಿ ಬಂದ ದೃಶ್ಯ ನಮ್ಮನ್ನು ಕೆರಳಿಸಬಲ್ಲುದೇ ಹೊರತು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಅಲ್ಲಿ ನಿಲ್ಲಬೇಕಾದದ್ದು ಮನುಷ್ಯ. ಕಂಡ ಮನುಷ್ಯ.

ಆ ಮನುಷ್ಯ ಎಲ್ಲಿದ್ದಾನೆ? ಇದುವೇ ನಮ್ಮ ಸಮುದಾಯ ಕೇಳಿಕೊಳ್ಳಬೇಕಾದ ಪ್ರಶ್ನೆ.

ಊರಲ್ಲಿ ಒಂದು ಹಲ್ಲೆ ನಡೆಯುತ್ತದೆ. ಸುತ್ತ ಐವತ್ತು ಮಂದಿ ನಿಂತಿರುತ್ತಾರೆ. ಅವರಲ್ಲಿ ಇಪ್ಪತ್ತು ಮಂದಿಯ ಕೈಯಲ್ಲಿ ಮೊಬೈಲ್ ಇರುತ್ತದೆ. ರಾತ್ರಿಯಾಗುವಾಗ ಆ ದೃಶ್ಯ ದುಬೈಯಲ್ಲಿರುವ ತಮ್ಮನ ಕೈಗೂ ಜುಬೈಲ್‌ನಲ್ಲಿರುವ ಭಾವನ ಕೈಗೂ ತಲುಪಿರುತ್ತದೆ. ಮರುದಿನ ಠಾಣೆಯಿಂದ ಯಾರಾದರೂ ಬಂದು ಕಂಡವರು ಯಾರು ಎಂದು ಕೇಳಿದರೆ ಆ ಐವತ್ತರಲ್ಲಿ ಒಬ್ಬನೂ ಇರುವುದಿಲ್ಲ. 'ನಾನು ಆಗ ಅಂಗಡಿಯ ಒಳಗಿದ್ದೆ', 'ನನಗೆ ಸರಿಯಾಗಿ ಕಾಣಲಿಲ್ಲ', 'ನಮಗ್ಯಾಕೆ ಕೋರ್ಟು ಕಚೇರಿ?' ಈ ಮಾತುಗಳನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಇದರ ಹಿಂದೆ ಭಯವಿದೆ, ನಿಜ. ಆ ಭಯಕ್ಕೆ ಕಾರಣಗಳೂ ಇವೆ. ಠಾಣೆಯ ಮೆಟ್ಟಿಲು ಹತ್ತಿದ ಸಾಕ್ಷಿಯೇ ಆರೋಪಿಯಾಗಿಬಿಡಬಹುದು ಎಂಬುದನ್ನು ಸೂರಿಂಜೆ ಪ್ರಕರಣವೇ ತೋರಿಸಿದೆಯಲ್ಲ? ಆದರೆ ಸಂಬಳಕ್ಕೆ ದುಡಿಯುವ ಒಬ್ಬ ವರದಿಗಾರ ಆ ಭಯವನ್ನು ಎದುರಿಸಿ ನಿಲ್ಲಬೇಕು, ಅಲ್ಲಾಹನಿಗಾಗಿ ಸಾಕ್ಷಿಗಳಾಗಿ ನಿಲ್ಲಲು ಆದೇಶಿಸಲ್ಪಟ್ಟ ಸಮುದಾಯ ಮಾತ್ರ ಅಂಗಡಿಯ ಒಳಗೆ ಅಡಗಬಹುದು ಎಂದರೆ ಅದು ಯಾವ ನ್ಯಾಯ?

ಸಾಕ್ಷ್ಯವನ್ನು ಬಚ್ಚಿಡಬಾರದು, ಬಚ್ಚಿಡುವವನ ಹೃದಯ ಪಾಪಭರಿತವಾದುದು ಎಂದು ಅಲ್ ಬಕರಾ ಅಧ್ಯಾಯ ಎಚ್ಚರಿಸುತ್ತದೆ. ಅನ್ನಿಸಾ ಅಧ್ಯಾಯದ 135ನೇ ಸೂಕ್ತವು ಇನ್ನೂ ಮುಂದೆ ಹೋಗುತ್ತದೆ. ಸ್ವಂತದ ವಿರುದ್ಧ, ತಂದೆ ತಾಯಿಯ ವಿರುದ್ಧ, ಬಂಧುಗಳ ವಿರುದ್ಧವಾಗಿದ್ದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಅದು ವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ಜುಮಾ ಖುತ್ಬಾಗಳಲ್ಲಿ ನಾವಿದನ್ನು ಎಷ್ಟೋ ಬಾರಿ ಆಲಿಸಿದ್ದೇವೆ. ಆದರೆ ಅದು ಮಿಂಬರಿನಿಂದ ಇಳಿದು ಪೇಟೆಗೆ, ಪೇಟೆಯಿಂದ ಠಾಣೆಗೆ, ಠಾಣೆಯಿಂದ ನ್ಯಾಯಾಲಯಕ್ಕೆ ನಡೆದುಬಂದದ್ದು ಎಷ್ಟು ಬಾರಿ?

ಇದೇ ಅಧ್ಯಾಯದ ಸ್ವಲ್ಪ ಹಿಂದಿನ ಸೂಕ್ತಗಳಿಗೆ ಸಂಬಂಧಿಸಿ ಅನೇಕ ತಫ್ಸೀರ್ ವಿದ್ವಾಂಸರು ಮದೀನಾದ ಘಟನೆಯೊಂದನ್ನು ವಿವರಿಸುತ್ತಾರೆ. ಮುಸ್ಲಿಮನೆನಿಸಿಕೊಂಡ ಒಬ್ಬಾತ ಯುದ್ಧಕವಚವೊಂದನ್ನು ಕದ್ದು ಅದನ್ನು ಯಹೂದಿಯೊಬ್ಬನ ಮನೆಗೆ ಸಾಗಿಸಿದ. ಆರೋಪ ಯಹೂದಿಯ ತಲೆಗೆ ಬಂತು. ಕಳ್ಳನ ಕುಟುಂಬದವರು ಒಟ್ಟಾಗಿ ಪ್ರವಾದಿಯವರ(ಸ) ಬಳಿ ಬಂದು ತಮ್ಮವನು ನಿರಪರಾಧಿಯೆಂದು ವಾದಿಸಿದರು. ಮೇಲ್ನೋಟಕ್ಕೆ ಎಲ್ಲವೂ ಯಹೂದಿಗೆ ವಿರುದ್ಧವಾಗಿತ್ತು. ಆಗ ದಿವ್ಯವಾಣಿ ಅವತೀರ್ಣವಾಯಿತು. ವಂಚಕರ ಪರ ವಾದಿಸಬಾರದೆಂದು ಅದು ತಾಕೀತು ಮಾಡಿತು. ತಾನು ಮಾಡಿದ ತಪ್ಪನ್ನು ನಿರಪರಾಧಿಯ ಮೇಲೆ ಹೊರಿಸುವವನು ಮಹಾಪಾಪವನ್ನು ಹೊರುತ್ತಾನೆಂದು ಸಾರಿತು. ಯೋಚಿಸಿ: ಅಂದು ಮುಸ್ಲಿಮರು ಅಲ್ಪಸಂಖ್ಯಾತರಾಗಿದ್ದರು, ಶತ್ರುಗಳಿಂದ ಸುತ್ತುವರಿಯಲ್ಪಟ್ಟಿದ್ದರು. 'ಈಗ ನಮ್ಮವನ ತಪ್ಪನ್ನು ಹೇಳಿದರೆ ವಿರೋಧಿಗಳಿಗೆ ಆಹಾರವಾಗುತ್ತದೆ' ಎಂಬ ನಮ್ಮ ಇಂದಿನ ತರ್ಕ ಅಂದಿಗೆ ಇನ್ನಷ್ಟು ಹೊಂದುತ್ತಿತ್ತು. ಆದರೂ ಕುರ್‌ಆನ್ ಸಮುದಾಯದ ಮಾನಕ್ಕಿಂತ ನಿರಪರಾಧಿಯ ಮಾನವನ್ನು ದೊಡ್ಡದೆಂದು ಪರಿಗಣಿಸಿತು.

ಈ ಬೆಳಕಿನಲ್ಲಿ ನಮ್ಮನ್ನು ನಾವು ನೋಡಿಕೊಳ್ಳೋಣ. ಹೋಮ್‌ಸ್ಟೇ ದಾಳಿಯನ್ನು ನಾವು ಖಂಡಿಸಿದೆವು, ಪಬ್ ದಾಳಿಯನ್ನು ಖಂಡಿಸಿದೆವು. ಸರಿ. ಆದರೆ ಬುರ್ಖಾ ಧರಿಸಿದ ವಿದ್ಯಾರ್ಥಿನಿಯೊಬ್ಬಳು ಅನ್ಯ ಧರ್ಮದ ಸಹಪಾಠಿಯ ಜೊತೆ ಬಸ್ಸು ನಿಲ್ದಾಣದಲ್ಲಿ ನಿಂತು ಮಾತಾಡಿದ್ದಕ್ಕೆ ನಮ್ಮದೇ ಯುವಕರ ಗುಂಪು ಸುತ್ತುವರಿದು, ಬೆದರಿಸಿ, ಮುಖದ ಮೇಲೆ ಮೊಬೈಲ್ ಹಿಡಿದು, ಆ ದೃಶ್ಯವನ್ನು ಹರಿಯಬಿಟ್ಟ ಸಂದರ್ಭಗಳಲ್ಲಿ ನಮ್ಮ ದನಿ ಎಷ್ಟು ಎತ್ತರದಲ್ಲಿತ್ತು? ಅಲ್ಲಿಯೂ ಕ್ಯಾಮರಾ ಇತ್ತು. ಪಡೀಲಿನಲ್ಲಿ ಅದು ಸಾಕ್ಷಿಯ ಕೈಯಲ್ಲಿತ್ತು, ಇಲ್ಲಿ ದಾಳಿಕೋರನ ಕೈಯಲ್ಲಿತ್ತು ಎಂಬುದಷ್ಟೇ ವ್ಯತ್ಯಾಸ. ಸಹೋದರನು ಅಕ್ರಮಿಯಾಗಿದ್ದರೂ ಮರ್ದಿತನಾಗಿದ್ದರೂ ಅವನಿಗೆ ನೆರವಾಗಬೇಕೆಂದು ಪ್ರವಾದಿಯವರು(ಸ) ಹೇಳಿದಾಗ, ಅಕ್ರಮಿಗೆ ನೆರವಾಗುವುದು ಹೇಗೆಂದು ಅನುಚರರು ಕೇಳಿದರು. ಅವನನ್ನು ಅಕ್ರಮದಿಂದ ತಡೆಯುವುದೇ ಅವನಿಗೆ ಮಾಡುವ ನೆರವು ಎಂಬ ಉತ್ತರ ಬುಖಾರಿಯಲ್ಲಿದೆ. ನಮ್ಮ ಯುವಕರಿಗೆ ಈ ನೆರವನ್ನು ನಾವು ಮಾಡಿದ್ದೇವೆಯೇ?

ಇಲ್ಲಿ ಕೆಲವರು ಒಂದು ಸಂದೇಹ ಎತ್ತಬಹುದು. ಇತರರ ತಪ್ಪುಗಳನ್ನು ಕೆದಕಬಾರದು, ಗೂಢಚಾರಿಕೆ ಮಾಡಬಾರದು, ಪರದೂಷಣೆ ಮಾಡಬಾರದು ಎಂದು ಅಲ್ ಹುಜುರಾತ್ ಅಧ್ಯಾಯ ಹೇಳುತ್ತದಲ್ಲ, ಹಾಗಿರುವಾಗ ತನಿಖಾ ಪತ್ರಿಕೋದ್ಯಮವನ್ನು ಇಸ್ಲಾಮ್ ಒಪ್ಪುತ್ತದೆಯೇ? ಸಂದೇಹ ಗಂಭೀರವಾದುದು, ಉತ್ತರವೂ ಸ್ಪಷ್ಟವಾಗಿದೆ. ವ್ಯಕ್ತಿಯೊಬ್ಬ ತನ್ನ ಮನೆಯೊಳಗೆ ಮಾಡುವ ತಪ್ಪು ಅವನ ಮತ್ತು ಅವನ ಪ್ರಭುವಿನ ನಡುವಿನ ವಿಷಯ. ಅದನ್ನು ಇಣುಕಿ ನೋಡುವುದು, ರಹಸ್ಯವಾಗಿ ಚಿತ್ರೀಕರಿಸುವುದು, ಊರಿಗೆಲ್ಲ ಹಂಚುವುದು ಹರಾಮ್. ಆದರೆ ಒಬ್ಬನು ಇನ್ನೊಬ್ಬನ ಮೇಲೆ ಎಸಗುವ ಅಕ್ರಮ ಖಾಸಗಿ ವಿಷಯವಲ್ಲ. ನಮ್ಮ ಮದ್ರಸಗಳಲ್ಲಿ ಓದಿಸಲಾಗುವ ರಿಯಾಳುಸ್ಸಾಲಿಹೀನ್ ಗ್ರಂಥದಲ್ಲಿ ಇಮಾಮ್ ನವವಿಯವರು ಒಬ್ಬನ ಅನುಪಸ್ಥಿತಿಯಲ್ಲಿ ಅವನ ದೋಷವನ್ನು ಹೇಳಲು ಅನುಮತಿಯಿರುವ ಆರು ಸಂದರ್ಭಗಳನ್ನು ಎಣಿಸಿದ್ದಾರೆ. ಅನ್ಯಾಯಕ್ಕೊಳಗಾದವನು ಅಧಿಕಾರಿಯ ಬಳಿ ದೂರುವುದು, ಕೆಡುಕನ್ನು ತಡೆಯಲು ನೆರವು ಯಾಚಿಸುವುದು, ಜನರನ್ನು ಅಪಾಯದಿಂದ ಎಚ್ಚರಿಸುವುದು ಅವುಗಳಲ್ಲಿ ಸೇರಿವೆ. ಪ್ರಾಮಾಣಿಕ ತನಿಖಾ ವರದಿಗಾರನ ಇಡೀ ಕೆಲಸ ಈ ಮೂರರೊಳಗೆ ಅಡಗಿದೆ. ಈ ಗೆರೆಯನ್ನು ದಾಟಿ ಹೆಣ್ಣುಮಕ್ಕಳ ಮಾನವನ್ನು ರೇಟಿಂಗ್‌ಗಾಗಿ ಹರಾಜಿಗಿಡುವ ಚಾನೆಲ್‌ಗಳನ್ನು ನಾವು ಕಂಡಿದ್ದೇವೆ. ಅದು ಪತ್ರಿಕೋದ್ಯಮವೂ ಅಲ್ಲ, ಅದಕ್ಕೆ ಧರ್ಮದ ಅನುಮತಿಯೂ ಇಲ್ಲ.

ಇನ್ನೊಂದು ಗುಣವಿದೆ. ಪರಿಶೀಲನೆ. ದುಷ್ಟನೊಬ್ಬ ಸುದ್ದಿ ತಂದರೆ ಪರಿಶೀಲಿಸಿರಿ, ಅರಿಯದೆ ಜನರಿಗೆ ಹಾನಿಯೆಸಗಿ ಆಮೇಲೆ ಪರಿತಪಿಸುವಂತಾಗದಿರಲಿ ಎಂಬ ಅರ್ಥದ ಆದೇಶವೂ ಅಲ್ ಹುಜುರಾತ್‌ನಲ್ಲಿದೆ. ಬನೂ ಮುಸ್ತಲಿಕ್ ಗೋತ್ರದವರು ಝಕಾತ್ ನೀಡಲು ನಿರಾಕರಿಸಿದ್ದಾರೆಂಬ ತಪ್ಪು ವರದಿಯೊಂದು ಮದೀನಾ ತಲುಪಿ, ಸಂಘರ್ಷವೇ ನಡೆಯಲಿದ್ದ ಹಿನ್ನೆಲೆಯನ್ನು ತಫ್ಸೀರ್‌ಗಳು ಇದಕ್ಕೆ ಉಲ್ಲೇಖಿಸುತ್ತವೆ. ಹದೀಸ್ ಶಾಸ್ತ್ರವನ್ನು ಓದಿದ ಯಾರಿಗೂ ಇದು ಹೊಸದಲ್ಲ. ಯಾರಿಂದ ಕೇಳಿದೆ, ಆತ ಯಾರಿಂದ ಕೇಳಿದ, ಅವರಿಬ್ಬರು ಭೇಟಿಯಾಗಿದ್ದರೇ, ಆತನ ಸ್ಮರಣಶಕ್ತಿ ಹೇಗಿತ್ತು, ನಡತೆ ಹೇಗಿತ್ತು ಎಂದು ಒಬ್ಬೊಬ್ಬ ವರದಿಗಾರನನ್ನೂ ಒರೆಗೆ ಹಚ್ಚಿ ನೋಡಿದ ವಿದ್ವಾಂಸರ ಪರಂಪರೆ ನಮ್ಮದು. ಇಮಾಮ್ ಬುಖಾರಿಯವರು ಒಂದೊಂದು ವರದಿಯ ಸನದಿಗಾಗಿ ಊರೂರು ಅಲೆದರು. ಅಂಥವರ ವಾರಸುದಾರರು ನಾವು, ಎಲ್ಲಿಂದ ಬಂತೆಂದು ತಿಳಿಯದ ಧ್ವನಿ ಮುದ್ರಿಕೆಯೊಂದನ್ನು ಸುಬ್‌ಹಿ ನಮಾಝಿಗೆ ಏಳುವ ಮೊದಲೇ ಐದು ಗುಂಪುಗಳಿಗೆ ರವಾನಿಸುತ್ತೇವೆ! ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕು ಎಂಬ ಅರ್ಥದ ಪ್ರವಾದಿ ವಚನ ಸಹೀಹ್ ಮುಸ್ಲಿಮ್‌ನಲ್ಲಿದೆ.

ಈ ಮಾತು ಇಂದು ನಮ್ಮ ತಾಲೂಕುಗಳಿಗೆ ಎಷ್ಟು ಹತ್ತಿರದ್ದೆಂದು ಹೇಳಬೇಕಿಲ್ಲ. 2025ರ ಮೇ 27ರಂದು ಬಂಟ್ವಾಳ ತಾಲೂಕಿನ ಕೊಳತ್ತಮಜಲಿನ ಪಿಕಪ್ ಚಾಲಕನೊಬ್ಬ ಮರಳು ಇಳಿಸುತ್ತಿದ್ದಾಗ ಕೊಲೆಯಾದ. ಜೊತೆಗಿದ್ದವನು ತೀವ್ರವಾಗಿ ಗಾಯಗೊಂಡ. ಆ ವಾರ ಜಿಲ್ಲೆಯ ಜನರನ್ನು ಕೊಲೆಯ ನೋವು ಎಷ್ಟು ಕಾಡಿತೋ ವದಂತಿಗಳ ಭಯವೂ ಅಷ್ಟೇ ಕಾಡಿತು. ಅದೇ ವರ್ಷ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಶವಗಳನ್ನು ಹೂಳಲಾಗಿದೆಯೆಂಬ ದೂರಿನ ಬಗ್ಗೆ ಜುಲೈಯಲ್ಲಿ ವಿಶೇಷ ತನಿಖಾ ತಂಡ ರಚನೆಯಾಯಿತು. ಆಗಸ್ಟ್ 6ರಂದು ಅಲ್ಲಿ ವರದಿಗಾಗಿ ಬಂದಿದ್ದ ಯೂಟ್ಯೂಬರ್‌ಗಳ ಮೇಲೆ ಹಲ್ಲೆ ನಡೆಯಿತು. ಅದೇ ತಿಂಗಳು ದೂರುದಾರನನ್ನೇ ತನಿಖಾ ತಂಡ ಬಂಧಿಸಿತು. ಯಾವುದು ನಿಜ, ಯಾವುದು ಸುಳ್ಳು ಎಂಬುದನ್ನು ತೀರ್ಮಾನಿಸಬೇಕಾದದ್ದು ತನಿಖೆ ಮತ್ತು ನ್ಯಾಯಾಲಯ. ಆದರೆ ಮೊದಲ ದಿನವೇ ತೀರ್ಪು ಬರೆದವರು ಎರಡೂ ಕಡೆಗಳಲ್ಲಿದ್ದರು. ಅವರಲ್ಲಿ ನಮ್ಮವರೂ ಇದ್ದರು. ಸತ್ಯವನ್ನು ಪ್ರೀತಿಸುವವನು ಸತ್ಯಕ್ಕಾಗಿ ಕಾಯಲೂ ಸಿದ್ಧನಿರಬೇಕು. ವರದಿಗಾರನ ಮೇಲೆ ಕೈ ಮಾಡುವುದನ್ನು ವಿರೋಧಿಸಲು ಆತನ ವರದಿಯನ್ನು ನಂಬಲೇಬೇಕೆಂದೇನೂ ಇಲ್ಲ.

ಬೆಳ್ತಂಗಡಿಯ ಇನ್ನೊಂದು ಉದಾಹರಣೆ ಈ ವಿಷಯಕ್ಕೆ ಕನ್ನಡಿ ಹಿಡಿಯುತ್ತದೆ. ಕುತ್ಲೂರಿನ ಆದಿವಾಸಿ ಯುವಕ, ಮಂಗಳೂರು ವಿಶ್ವವಿದ್ಯಾನಿಲಯದ ಪತ್ರಿಕೋದ್ಯಮ ವಿದ್ಯಾರ್ಥಿ ವಿಠಲ ಮಲೆಕುಡಿಯ ಅವರನ್ನು 2012ರ ಮಾರ್ಚ್‌ನಲ್ಲಿ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಲಾಯಿತು. ಕೈಗೆ ಕೋಳ ತೊಟ್ಟು ಅವರು ಪರೀಕ್ಷೆ ಬರೆಯಬೇಕಾಯಿತು. ಒಂಬತ್ತೂವರೆ ವರ್ಷಗಳ ಬಳಿಕ, 2021ರ ಅಕ್ಟೋಬರ್‌ನಲ್ಲಿ, ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಬಿಡುಗಡೆಗೊಳಿಸಿತು. ಅಷ್ಟರಲ್ಲಿ ಅವರು ಪತ್ರಕರ್ತರಾಗಿಯೂ ಆಗಿದ್ದರು. ಕುತ್ಲೂರಿನ ಜನರ ಬವಣೆಯ ಬಗ್ಗೆ ನವೀನ್ ಸೂರಿಂಜೆಯವರು ಮುಂದೆ 'ಕುತ್ಲೂರು ಕಥನ' ಎಂಬ ಪುಸ್ತಕವನ್ನೇ ಬರೆದರು. ಸುಳ್ಳು ಆರೋಪದಲ್ಲಿ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುವುದೆಂದರೆ ಏನೆಂದು ನಮ್ಮ ಸಮುದಾಯಕ್ಕೆ ಯಾರೂ ಕಲಿಸಿಕೊಡಬೇಕಿಲ್ಲ. ಹಾಗಿದ್ದೂ ಮಲೆಕುಡಿಯನ ಮಗನ ಪರವಾಗಿ ನಮ್ಮ ಎಷ್ಟು ಸಂಘಟನೆಗಳ ವೇದಿಕೆಗಳಲ್ಲಿ ಮಾತು ಕೇಳಿಬಂತು? ನಮ್ಮ ನೋವನ್ನು ಇತರರು ಹೇಳಬೇಕೆಂದು ಬಯಸುವ ನಾವು ಇತರರ ನೋವನ್ನು ಹೇಳಲು ಕಲಿಯದಿದ್ದರೆ ಅದು ಬರೀ ಸ್ವಾರ್ಥವಾದೀತು.

ಆರಂಭದಲ್ಲಿ ಉಲ್ಲೇಖಿಸಿದ ಪ್ರಶಸ್ತಿಯ ಹಿಂದಿನ ಹೆಸರನ್ನೇ ನೋಡಿ. ಅನ್ನಾ ಪೊಲಿಟ್ಕೊವ್‌ಸ್ಕಾಯಾ ಮುಸ್ಲಿಮರಲ್ಲ, ಚೆಚನ್ಯಾದವರೂ ಅಲ್ಲ. ಮಾಸ್ಕೋದಲ್ಲಿ ಸುಖವಾಗಿ ಬದುಕಬಹುದಾಗಿದ್ದ ಆ ಪತ್ರಕರ್ತೆ ಚೆಚನ್ಯಾಕ್ಕೆ ಮತ್ತೆ ಮತ್ತೆ ಹೋಗಿ, ಅಲ್ಲಿನ ಮುಸ್ಲಿಮರ ಮೇಲೆ ತನ್ನದೇ ದೇಶದ ಸೇನೆ ನಡೆಸಿದ ಕ್ರೌರ್ಯಗಳನ್ನು ಬರೆದರು. 2006ರ ಅಕ್ಟೋಬರ್ 7ರಂದು ತನ್ನ ವಸತಿ ಕಟ್ಟಡದ ಲಿಫ್ಟಿನಲ್ಲಿ ಗುಂಡೇಟಿಗೆ ಬಲಿಯಾದರು. ಅವರ ಹೆಸರಿನ ಪ್ರಶಸ್ತಿಯನ್ನು ಮೊದಲು ಪಡೆದ ನತಾಲಿಯಾ ಎಸ್ತೆಮಿರೋವಾ ಅವರೂ 2009ರ ಜುಲೈಯಲ್ಲಿ ಚೆಚನ್ಯಾದಲ್ಲಿ ಅಪಹರಣಕ್ಕೊಳಗಾಗಿ ಕೊಲ್ಲಲ್ಪಟ್ಟರು. ಹಿಂದೊಮ್ಮೆ ದೆಹಲಿಯಲ್ಲಿ ಈಟಿವಿ ವಾಹಿನಿಗಾಗಿ ದುಡಿದು, ಬೆಂಗಳೂರಿಗೆ ಮರಳಿ ಪತ್ರಿಕೆ ನಡೆಸಿದ ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಮನೆಯೆದುರು ಗುಂಡಿಗೆ ಬಲಿಯಾದರು. ಅವರು ಬರೆದ ಕೊನೆಯ ಸಂಪಾದಕೀಯದ ವಿಷಯವೇ ಸುಳ್ಳು ಸುದ್ದಿಗಳು. 2022ರ ಮೇ 11ರಂದು ಜೆನಿನ್‌ನಲ್ಲಿ ವರದಿ ಮಾಡುತ್ತಿದ್ದಾಗ ಹತರಾದ ಅಲ್ ಜಝೀರಾದ ಶಿರೀನ್ ಅಬೂ ಆಕ್ಲೆ ಕ್ರೈಸ್ತ ಮಹಿಳೆ. ಇವರಲ್ಲಿ ಯಾರೂ ನಮ್ಮ ಮೊಹಲ್ಲಾದವರಲ್ಲ. ಆದರೂ ನಮಗಾಗಿ ಸಾಕ್ಷಿ ನಿಂತರು. ಅವರ ಋಣವನ್ನು ತೀರಿಸುವುದು ಭಾವಚಿತ್ರ ಹಂಚುವುದರಿಂದ ಸಾಧ್ಯವೇ?

ಪ್ರಶಸ್ತಿಗೂ ಒಂದು ಮಿತಿಯಿದೆ. 2024ರಲ್ಲಿ ಯುನೆಸ್ಕೋ ತನ್ನ ಪತ್ರಿಕಾ ಸ್ವಾತಂತ್ರ್ಯ ಪ್ರಶಸ್ತಿಯನ್ನು ಗಾಝಾವನ್ನು ವರದಿ ಮಾಡುತ್ತಿರುವ ಫೆಲೆಸ್ತೀನಿ ಪತ್ರಕರ್ತರಿಗೆ ನೀಡಿತು. ಮರುವರ್ಷದ ಆಗಸ್ಟ್‌ನಲ್ಲಿ ಅಲ್ ಜಝೀರಾದ ಅನಸ್ ಅಲ್ ಶರೀಫ್ ತನ್ನ ಸಹೋದ್ಯೋಗಿಗಳ ಜೊತೆ ಗಾಝಾದಲ್ಲಿಯೇ ಕೊಲ್ಲಲ್ಪಟ್ಟರು. ರವೀಶ್ ಕುಮಾರ್ ಅವರಿಗೆ ಮನಿಲಾದಲ್ಲಿ ಸಂದ ಗೌರವ ಅವರ ವಾಹಿನಿಯನ್ನು ಉಳಿಸಲಿಲ್ಲ. ಮಾಲಿಕತ್ವ ಬದಲಾಗುವ ಹೊತ್ತಿನಲ್ಲಿ, 2022ರ ನವೆಂಬರ್ ಕೊನೆಗೆ, ಅವರು ರಾಜೀನಾಮೆ ನೀಡಿ ಯೂಟ್ಯೂಬಿಗೆ ಬಂದರು. ದೂರದ ಮನ್ನಣೆ ಪತ್ರಕರ್ತನ ಹೆಸರನ್ನು ಉಳಿಸಬಹುದು. ಆತನ ಜೀವವನ್ನು, ಕೆಲಸವನ್ನು, ವರದಿಯ ಫಲವನ್ನು ಉಳಿಸಬೇಕಾದದ್ದು ಆತ ಯಾರ ಬಗ್ಗೆ ವರದಿ ಮಾಡಿದನೋ ಆ ಊರಿನ ಜನ. ಪಡೀಲಿನ ಪ್ರಕರಣದಲ್ಲಿ ನ್ಯೂಯಾರ್ಕ್ ತನ್ನ ಪಾಲಿನ ಕೆಲಸ ಮಾಡಿತು. ಊರು ತನ್ನ ಪಾಲಿನದ್ದನ್ನು ಮಾಡಿತೆಂದು ಎದೆ ತಟ್ಟಿ ಹೇಳಬಹುದೇ?

ಆದ್ದರಿಂದ ಮಾಡಬೇಕಾದ ಕೆಲಸಗಳಿವೆ, ಅವು ನಮ್ಮ ಕೈಗೆ ಎಟುಕದವುಗಳೂ ಅಲ್ಲ. ಪ್ರತಿಯೊಂದು ಜಮಾಅತ್ ಸಮಿತಿಗೂ ಕಟ್ಟಡಕ್ಕೊಂದು ಉಪಸಮಿತಿಯಿದೆ, ಉರೂಸಿಗೊಂದು ಉಪಸಮಿತಿಯಿದೆ. ಸಾಕ್ಷಿಗಳಿಗೆ ನೆರವಾಗಲು ಒಂದಿಬ್ಬರು ವಕೀಲರನ್ನೊಳಗೊಂಡ ಸಣ್ಣ ಸಮಿತಿಯೊಂದು ಯಾಕಿರಬಾರದು? ನ್ಯಾಯಾಲಯಕ್ಕೆ ಹತ್ತು ಬಾರಿ ಅಲೆಯಬೇಕಾದ ಕೂಲಿ ಕಾರ್ಮಿಕನಿಗೆ ಅಂದಿನ ಕೂಲಿಯನ್ನೂ ಬಸ್ಸಿನ ವೆಚ್ಚವನ್ನೂ ಕೊಡುವುದು, ಆತನ ಜೊತೆ ನಾಲ್ಕು ಮಂದಿ ಹಿರಿಯರು ಹೋಗುವುದು, ಆತನ ಮನೆಯವರಿಗೆ ಧೈರ್ಯ ತುಂಬುವುದು. ಇದಕ್ಕೆ ಬೇಕಾದ ಹಣ ದೊಡ್ಡದಲ್ಲ, ಮನಸ್ಸು ದೊಡ್ಡದಾಗಬೇಕು. ಈ ನೆರವು ಧರ್ಮ ನೋಡಿ ಸಿಗಬಾರದು. ಮುಸ್ಲಿಮನೊಬ್ಬ ಆರೋಪಿಯಾಗಿರುವ ಪ್ರಕರಣದಲ್ಲಿ ಹಿಂದೂ ಸಹೋದರನೊಬ್ಬ ಸಾಕ್ಷಿಯಾಗಿದ್ದರೆ ಆತನೂ ನಮ್ಮ ಮೊಹಲ್ಲಾದಲ್ಲಿ ನಿರ್ಭಯವಾಗಿ ನಡೆದಾಡುವಂತಿರಬೇಕು.

ಎರಡನೆಯದಾಗಿ, ಮೊಬೈಲಿನಲ್ಲಿ ಅಕ್ರಮವೊಂದು ಸೆರೆಯಾದರೆ ಮೂಲ ದೃಶ್ಯವನ್ನು ಅಳಿಸದೆ, ಕತ್ತರಿಸದೆ, ಸಂಗೀತ ಸೇರಿಸದೆ ಕಾಪಿಡಬೇಕು. ಸಂತ್ರಸ್ತರ ಮುಖವನ್ನು ಹಂಚಬಾರದು. ವಾಟ್ಸಾಪ್ ಗುಂಪಿಗೆ ಹೋಗುವ ಮೊದಲು ಅದು ವಕೀಲರ ಬಳಿಗೆ, ಠಾಣೆಗೆ, ನಂಬಿಕಸ್ಥ ವರದಿಗಾರನ ಬಳಿಗೆ ಹೋಗಬೇಕು. ಚಿತ್ರೀಕರಿಸಿದವನು ತನ್ನ ಹೆಸರು ಹೇಳಲು ಸಿದ್ಧನಿರಬೇಕು.

ಮೂರನೆಯದು ನಮ್ಮ ಮಕ್ಕಳ ವಿಷಯ. ಉಜಿರೆಯ ಎಸ್‌ಡಿಎಮ್ ಕಾಲೇಜಿನಲ್ಲಿ, ಮೂಡುಬಿದಿರೆಯ ಆಳ್ವಾಸ್‌ನಲ್ಲಿ, ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಪತ್ರಿಕೋದ್ಯಮ ವಿಭಾಗಗಳಿವೆ. ನಮ್ಮ ಮೂರು ತಾಲೂಕುಗಳ ಯಾವ ಮನೆಗೂ ಇವು ದೂರವಲ್ಲ. ಆದರೆ ಮಗಳು ಪತ್ರಿಕೋದ್ಯಮ ಓದುತ್ತೇನೆಂದರೆ 'ಅದರಲ್ಲಿ ಏನು ಸಿಗುತ್ತದೆ?' ಎಂದು ಕೇಳುವ ತಂದೆ, ಅದೇ ಸಂಜೆ 'ಮಾಧ್ಯಮಗಳೆಲ್ಲ ನಮ್ಮ ವಿರುದ್ಧ' ಎಂದು ದೂರುತ್ತಾನೆ. ಮಾಧ್ಯಮದ ಒಳಗೆ ನಾವಿಲ್ಲದಿದ್ದರೆ ಅಲ್ಲಿ ನಮ್ಮ ಮಾತು ಹೇಗೆ ಇರುತ್ತದೆ? ಅಲ್ಲಿಗೆ ಹೋದ ನಮ್ಮ ಮಕ್ಕಳು ಸಮ���ದಾಯದ ವಕ್ತಾರರಾಗಬೇಕಿಲ್ಲ. ನಮ್ಮ ತಪ್ಪನ್ನೂ ಇತರರ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲ ವರದಿಗಾರರಾದರೆ ಸಾಕು. ಅಂಥ ವರದಿಗಾರ್ತಿಯೊಬ್ಬಳು ನಾಳೆ ನಮ್ಮದೇ ಮಸೀದಿ ಸಮಿತಿಯ ಲೆಕ್ಕಪತ್ರದ ಬಗ್ಗೆ, ನಮ್ಮದೇ ಮನೆಗಳ ವರದಕ್ಷಿಣೆಯ ಬಗ್ಗೆ ಬರೆದರೆ, ಆಕೆಯನ್ನು ಸಮುದಾಯದ್ರೋಹಿ ಎನ್ನದಿರುವ ಪ್ರೌಢಿಮೆಯನ್ನು ನಾವು ಇಂದೇ ರೂಢಿಸಿಕೊಳ್ಳಬೇಕು.

ಅಂತಾರಾಷ್ಟ್ರೀಯ ಪ್ರಶಸ್ತಿಗಳು ಬರಲಿ, ಸತ್ಯ ಹೇಳಿದವರು ಎಲ್ಲೆಡೆ ಗೌರವಿಸಲ್ಪಡಲಿ. ಆದರೆ ನಾಳೆ ಬಿ.ಸಿ. ರೋಡಿನಲ್ಲೋ ಗುರುವಾಯನಕೆರೆಯಲ್ಲೋ ಯಾರದೋ ಮೇಲೆ ಗುಂಪೊಂದು ಎರಗಿದಾಗ, ಆ ಬಡಪಾಯಿ ಯಾವ ಧರ್ಮದವನೇ ಆಗಿರಲಿ, ಎರಗಿದವರು ಯಾರೇ ಆಗಿರಲಿ, ಠಾಣೆಯಲ್ಲಿ ನಿಂತು 'ನಾನು ಕಂಡಿದ್ದೇನೆ' ಎಂದು ಹೇಳುವ ಒಬ್ಬ ಮುಸ್ಲಿಮನಾದರೂ ಅಲ್ಲಿರಬೇಕು. ಆತನ ಹೆಸರು ಯಾವ ಪ್ರಶಸ್ತಿಯ ಪಟ್ಟಿಯಲ್ಲಿಯೂ ಬರಲಾರದು. ಆದರೆ ಗುಪ್ತವಾದುದನ್ನೂ ಬಹಿರಂಗವಾದುದನ್ನೂ ಬಲ್ಲವನ ಬಳಿ ಆ ಸಾಕ್ಷ್ಯ ದಾಖಲಾಗಿರುತ್ತದೆ. ಮುಸ್ಲಿಮನಿಗೆ ಅದಕ್ಕಿಂತ ದೊಡ್ಡ ಮನ್ನಣೆ ಇನ್ನಾವುದಿದೆ?